ಮಾಳಿಗೆಯ ಹಂಡೆಗೂ ನೀರು ತುಂಬುವ ಹಬ್ಬ ಬೇಕು

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ನಮ್ಮ ಮನೆಗಳಲ್ಲಿ ನೀರು ತುಂಬುವ ಹಬ್ಬ ನಡೆಯುವುದು ಎಲ್ಲರಿಗೂ ತಿಳಿದ ವಿಷಯ. ಬಚ್ಚಲುಮನೆಯನ್ನು ತೊಳೆದು, ಒಲೆಯ ಬೂದಿ ತೆಗೆದು, ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತೇವೆ. ಮರುದಿನ ಬೆಳಗಿನ ಜಾವಕ್ಕೆ ನರಕ ಚತುರ್ದಶಿಯ ಎಣ್ಣೆ ಸ್ನಾನ. ಇದನ್ನು ಬರಿಯ ಆಚಾರವೆಂದು ತಳ್ಳಿಬಿಡತಕ್ಕದ್ದಲ್ಲ. ಚಳಿ ಕಾಲಿಡುವ ಮೊದಲು, ವರ್ಷಕ್ಕೊಮ್ಮೆ ತಪ್ಪದೆ, ನೀರು ಕಾಯಿಸುವ ಪಾತ್ರೆಯನ್ನು ಬರಿದು ಮಾಡಿ, ಒಳಹೊರಗು ನೋಡಿ, ಶುದ್ಧಮಾಡಿ ಮತ್ತೆ ತುಂಬಬೇಕೆಂಬ ಒಳ್ಳೆಯ ಕಟ್ಟಳೆ ಈ ಹಬ್ಬದೊಳಗೆ ಅಡಗಿದೆ ಎಂದೇ ನಮಗೆ ತೋರುತ್ತದೆ.

ಈಗ ಹಂಡೆಯು ಬಚ್ಚಲಿನಿಂದ ಮಾಳಿಗೆಗೆ ಏರಿದೆ. ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿಯಲ್ಲಿ ಬಾಗಲೂರಿನ ಸುತ್ತ ಹೊರಟರೆ ತಾರಸಿ ಮನೆಗಳ ಮೇಲೆ ಸೋಲಾರ್ ಹೀಟರುಗಳು ಕಣ್ಣಿಗೆ ಬೀಳುತ್ತವೆ. ಬಚ್ಚಲೊಳಗೆ ಗೀಸರು, ಕೆಲವರಲ್ಲಿ ಗ್ಯಾಸಿನ ಹೀಟರು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಮಾರ್ಗಶಿರ ಪುಷ್ಯಗಳ ಬೆಳಗು ಬಲು ತಣ್ಣಗಿರುತ್ತದೆ. ಬಿಸಿನೀರು ಬೇಕೇ ಬೇಕು. ಆದರೆ ಹಂಡೆಯು ಮೇಲೇರಿದಾಗ ಹಬ್ಬವು ಅದರೊಡನೆ ಏರಲಿಲ್ಲ. ಕಣ್ಣಿಗೆ ಕಾಣದ ಹಂಡೆಯನ್ನು ತೊಳೆಯುವವರು ಯಾರು?

ಅಡಿಯ ನಲ್ಲಿಯ ಕಥೆ

ಕಳೆದ ಚಳಿಗಾಲದಲ್ಲಿ ಬಾಗಲೂರಿನ ಸಮೀಪದ ರೈತರೊಬ್ಬರ ಮನೆಗೆ ಹೋಗಿದ್ದೆವು. ಹಸು ಸಾಕಿದ್ದಾರೆ, ಸ್ವಲ್ಪ ಗುಲಾಬಿಯೂ ಉಂಟು. ಅವರ ಸೋಲಾರ್ ಹೀಟರಿನಲ್ಲಿ ನೀರು ಬಿಸಿಯಾಗುವುದು ನಿಂತು ಎರಡು ತಿಂಗಳಾಗಿತ್ತು.

“ನಾಲ್ಕು ವರ್ಷಕ್ಕೇ ಇದರ ಆಯುಸ್ಸು ಮುಗಿಯಿತಂತೆ ಸ್ವಾಮಿ. ಹೊಸದು ಹಾಕಿಸಬೇಕಂತೆ. ಒಂದು ಕಡಸಿನ ಬೆಲೆ ಹೇಳುತ್ತಾರೆ” ಎಂದರು.

“ಅಡಿಯ ನಲ್ಲಿಯನ್ನು ಎಂದಾದರೂ ಬಿಟ್ಟು ನೋಡಿದ್ದೀರಾ?” ಎಂದು ಕೇಳಿದೆವು.

“ಅಂಥದೊಂದು ನಲ್ಲಿ ಇದೆಯೇ?” ಎಂದು ಅವರು ನಮ್ಮನ್ನೇ ಕೇಳಿದರು!

ಮರುದಿನ ಹೊತ್ತು ಹುಟ್ಟುವ ಮೊದಲೇ ಮಾಳಿಗೆ ಹತ್ತಿದೆವು. ತಣ್ಣೀರಿನ ವಾಲ್ವ್ ಮುಚ್ಚಿ ಅಡಿಯ ನಲ್ಲಿಯನ್ನು ತಿರುಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ತಂತಿಯಿಂದ ಚುಚ್ಚಿದ ಮೇಲೆ ಮೊದಲು ಬಿಳಿಯ ಚೂರುಗಳು, ಆಮೇಲೆ ಸುಣ್ಣದ ಬಗ್ಗಡದಂಥ ನೀರು ಬಕೆಟ್ಟುಗಟ್ಟಲೆ ಬಂತು. ಕೆಲಸ ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ ಗಾಜಿನ ಕೊಳವೆಗಳನ್ನು ಬಿಚ್ಚಿಸಿದಾಗ ಪ್ರತಿ ಕೊಳವೆಯ ತಳದಲ್ಲೂ ಅದೇ ಬಿಳಿಯ ಗಸಿ ಕೂತಿತ್ತು. ಎರಡು ಕೊಳವೆ ಹಾಳಾಗಿದ್ದವು. ಅವನ್ನು ಬದಲಿಸಿ, ಹಳಸಿದ ರಬ್ಬರ್ ವಾಷರುಗಳನ್ನು ಹೊಸದಾಗಿ ಹಾಕಿ, ಉಳಿದುದನ್ನು ತೊಳೆದು ಕೂಡಿಸಿದ್ದಾಯಿತು. ಮೂರನೆಯ ದಿನ ಮನೆಯೊಡತಿ “ಕೈ ಇಡಲಾಗದಷ್ಟು ಕಾದಿದೆ” ಎಂದರು. ಕಡಸಿನ ಬೆಲೆ ಉಳಿಯಿತು.

ಹೀಟರಿಗೆ ಆಯುಸ್ಸು ಮುಗಿದಿರಲಿಲ್ಲ. ಹೊಟ್ಟೆ ಕಟ್ಟಿತ್ತು, ಅಷ್ಟೆ.

ರೋಗ ನೀರಿನಲ್ಲಿದೆ

ಹಿಂದೆ ಹಂಡೆಗೆ ಸೇರುತ್ತಿದ್ದುದು ಮೇಲುಬಾವಿಯ ಅಥವಾ ಕೆರೆಯ ನೀರು. ಈಗ ಸಾವಿರ ಅಡಿ ದಾಟಿದ ಕೊಳವೆಬಾವಿಗಳೂ ನಮ್ಮಲ್ಲಿ ಉಂಟು. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಇದನ್ನೇ ಗಡಸು ನೀರು ಎನ್ನುವುದು. ತಣ್ಣಗಿರುವಾಗ ಲವಣವು ಕಾಣುವುದಿಲ್ಲ. ಕಾಯಿಸಿದೊಡನೆ ನೀರಿನಲ್ಲಿದ್ದ ಇಂಗಾಲದ ಡೈ ಆಕ್ಸೈಡ್ ಹೊರಟು, ಕರಗಿದ್ದ ಸುಣ್ಣವು ಕರಗದ ಸುಣ್ಣವಾಗಿ ಬಿಸಿಯ ಭಾಗಕ್ಕೆ ಅಂಟುತ್ತದೆ. ನೀರು ಬಿಸಿಯಾದಷ್ಟೂ ಅಂಟುವುದು ಹೆಚ್ಚು.

ಲೆಕ್ಕ ಹಾಕಿ ನೋಡಿರಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗಿದ್ದರೆ ಲೇಸು, ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಸಂಸ್ಥೆಯ ಕಟ್ಟಳೆ. ನಿಮ್ಮ ನೀರಿನದು 400 ಎಂದಿಟ್ಟುಕೊಳ್ಳಿ. ದಿನಕ್ಕೆ 100 ಲೀಟರು ಕಾಯಿಸಿದರೆ ಅದರೊಡನೆ 40 ಗ್ರಾಂ ಸುಣ್ಣ ಹೀಟರಿನೊಳಗೆ ಹಾಯುತ್ತದೆ. ವರ್ಷಕ್ಕೆ ಸುಮಾರು ಹದಿನಾಲ್ಕೂವರೆ ಕಿಲೋ. ನೂರರಲ್ಲಿ ಐದು ಪಾಲು ಮಾತ್ರ ಒಳಗೆ ನಿಂತಿತೆಂದರೂ ನಾಲ್ಕು ವರ್ಷಕ್ಕೆ 3 ಕಿಲೋ ಗಾರೆಯಾಯಿತು. ಈ ಪದರವು ಶಾಖವನ್ನು ಸಾಗಿಸುವ ಶಕ್ತಿಯಲ್ಲಿ ತಾಮ್ರಕ್ಕಿಂತ ನೂರು ಪಟ್ಟಿಗೂ ಮೀರಿ ಕೀಳು. ಹೊರಗೆ ಎಷ್ಟು ಬಿಸಿಲಿದ್ದರೇನು, ಒಳಗೆ ಗೋಡೆ ಎದ್ದಿದ್ದರೆ?

ನಿಮ್ಮ ನೀರು ಗಡಸೇ ಎಂದು ತಿಳಿಯಲು ಹಣ ಬೇಕಿಲ್ಲ. ಎರಡು ಸೀಸೆಗಳಲ್ಲಿ ಅರ್ಧರ್ಧ ತುಂಬಿ, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರಿನ ನೀರು ಹಾಕಿ, ಎರಡಕ್ಕೂ ಸಮನಾಗಿ ನಾಲ್ಕೈದು ತೊಟ್ಟು ಮೈಸೋಪಿನ ನೀರು ಬಿಟ್ಟು ಕುಲುಕಿರಿ. ಮಳೆನೀರಿನಲ್ಲಿ ನೊರೆ ತುಂಬಿ, ಬೋರಿನದರಲ್ಲಿ ಬರಿಯ ಬಿಳಿ ತೆಟ್ಟೆ ಬಂದರೆ ನಿಮ್ಮ ನೀರು ಗಡಸು. ಬಟ್ಟೆ ಒಗೆಯುವ ಪುಡಿಯಿಂದ ಈ ಪರೀಕ್ಷೆ ಆಗದು.

ಇಲ್ಲೊಂದು ಎಚ್ಚರಿಕೆ. ಕೃಷ್ಣಗಿರಿ ಧರ್ಮಪುರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡಿನ ಪೀಡೆಯೂ ಇರುವುದರಿಂದಲೇ ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆಯು 2013ರಲ್ಲಿ ಆರಂಭವಾಯಿತು. ನೀರನ್ನು ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ; ಕುದಿಸಿ ಬತ್ತಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಆದುದರಿಂದ ಹೀಟರಿನ ನೀರನ್ನು ಕುಡಿಯುವುದಕ್ಕಾಗಲಿ ಅಡುಗೆಗಾಗಲಿ ಬಳಸಬಾರದು.

ಸೋಲಾರ್ ಹೀಟರಿನ ಆರೈಕೆ

ಸೋಲಾರಿನಲ್ಲಿ ಎರಡು ಬಗೆ. ತಾಮ್ರದ ಸಣ್ಣ ಕೊಳವೆಗಳನ್ನು ಕಪ್ಪು ತಗಡಿಗೆ ಬೆಸೆದು ಗಾಜು ಮುಚ್ಚಿದ ಚಪ್ಪಟೆ ಪೆಟ್ಟಿಗೆಯದು ಒಂದು. ಎರಡು ಪದರದ ಗಾಜಿನ ಕೊಳವೆಗಳನ್ನು ಸಾಲಾಗಿ ಜೋಡಿಸಿದ್ದು ಇನ್ನೊಂದು. ಎರಡರಲ್ಲೂ ಪಂಪು ಬೇಕಿಲ್ಲ. ಬಿಸಿಯಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಗಡಸು ನೀರಿಗೆ ಚಪ್ಪಟೆ ಪೆಟ್ಟಿಗೆ ಬೇಗ ಕಟ್ಟಿಕೊಳ್ಳುತ್ತದೆ, ಏಕೆಂದರೆ ಅದರ ಕೊಳವೆಗಳು ಸಣ್ಣವು. ಗಾಜಿನ ಕೊಳವೆ ಹೆಚ್ಚು ಕಾಲ ತಾಳುತ್ತದೆ, ಆದರೆ ಗಸಿಯು ತಳದಲ್ಲಿ ಕೂರುತ್ತದೆ. ಹೊಸದಾಗಿ ಕೊಳ್ಳುವವರು ಇದನ್ನು ನೆನಪಿಡಬೇಕು.

ಗಾಜಿನ ಮೇಲಿನ ಧೂಳನ್ನು ವಾರಕ್ಕೊಮ್ಮೆ ಒರೆಸಿರಿ. ಇದನ್ನು ಬೆಳಗ್ಗೆ ಬಿಸಿಲೇರುವ ಮೊದಲೇ ಮಾಡತಕ್ಕದ್ದು. ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಎರಚಿದರೆ ಬಿರಿಯುತ್ತದೆ. ತೆಂಗಿನ ಗರಿಯ ನೆರಳು ಬೆಳೆದು ಬಂದಿದ್ದರೆ ಗರಿಯನ್ನು ಕಡಿಯಿರಿ. ಹೀಟರಿನ ಮುಖ ದಕ್ಷಿಣಕ್ಕಿರಬೇಕು.

ಅಡಿಯ ನಲ್ಲಿಯನ್ನು ಮೂರು ತಿಂಗಳಿಗೊಮ್ಮೆ ಬೆಳಗಿನ ಜಾವ ಬಿಟ್ಟು, ತಿಳಿ ನೀರು ಬರುವವರೆಗೆ ಹರಿಯಗೊಡಿರಿ. ಟ್ಯಾಂಕಿನೊಳಗೆ ರಾತ್ರಿಯೆಲ್ಲ ಬಿಸಿನೀರು ಇರುವುದರಿಂದ ಕೈಕಾಲಿಗೆ ಸಿಡಿಯದಂತೆ ನಿಲ್ಲಬೇಕು.

ಟ್ಯಾಂಕಿನ ನೆತ್ತಿಯಲ್ಲಿ ಆಕಾಶಕ್ಕೆ ಬಾಯ್ತೆರೆದ ಒಂದು ಗಾಳಿಕೊಳವೆ ಇರುತ್ತದೆ. ಅದರಿಂದ ಹನಿ ಬೀಳುತ್ತದೆಂದು ಕೆಲವರು ಬಟ್ಟೆ ತುರುಕಿ ಮುಚ್ಚುವುದುಂಟು. ಇದು ದೊಡ್ಡ ತಪ್ಪು. ಕೊಳವೆ ಮುಚ್ಚಿದಾಗ ನೀರು ಇಳಿದರೆ ಒಳಗೆ ಗಾಳಿ ಹೋಗಲಾರದೆ ಟ್ಯಾಂಕು ಹಿಂಡಿದ ಡಬ್ಬದಂತೆ ಒಳಕ್ಕೆ ಕುಸಿಯುತ್ತದೆ. ನೀರು ಕುದಿದರೆ ಒತ್ತಡ ಏರುತ್ತದೆ.

ಕರೆಂಟಿಲ್ಲದೆ ಮೋಟಾರು ನಿಂತು ಹೀಟರು ಬರಿದಾಗಿದ್ದರೆ ಹಗಲಿನಲ್ಲಿ ನೀರು ಬಿಡಲೇಬೇಡಿ. ನೀರಿಲ್ಲದ ಗಾಜಿನ ಕೊಳವೆಯು ಬಿಸಿಲಿನಲ್ಲಿ 200 ಡಿಗ್ರಿಗೂ ಮೀರಿ ಕಾಯುತ್ತದೆ; ತಣ್ಣೀರು ತಾಗಿದೊಡನೆ ಒಡೆದು ಚೂರಾಗುತ್ತದೆ. ಹೊತ್ತು ಮುಳುಗಿ ಕೊಳವೆ ಆರಿದ ಮೇಲೆ, ಇಲ್ಲವೆ ಮರುದಿನ ಮುಂಜಾನೆ ತುಂಬಿಸಿರಿ.

ಕೊಳವೆ ಕೆಟ್ಟಿದೆಯೇ ಎಂದು ನೋಡುವ ಉಪಾಯ ಸುಲಭ. ಅದರ ತುದಿಯಲ್ಲಿ ಕನ್ನಡಿಯಂತೆ ಬೆಳ್ಳಿ ಬಣ್ಣ ಇರುತ್ತದೆ. ಅದು ಹಾಲುಬಿಳುಪಾಗಿದ್ದರೆ ಎರಡು ಪದರದ ನಡುವೆ ಗಾಳಿ ಹೊಕ್ಕಿತೆಂದು ಅರ್ಥ. ಆ ಒಂದು ಕೊಳವೆಯನ್ನು ಬದಲಿಸಿದರೆ ಸಾಕು, ಇಡೀ ಹೀಟರನ್ನಲ್ಲ.

ಬಿಸಿಲು ಚೆನ್ನಾಗಿದ್ದೂ ನೀರು ಉಗುರುಬೆಚ್ಚಗೆ ಬಂದರೆ ಮೊದಲು ಬಚ್ಚಲಿಗೆ ಹೋಗಿ ನೋಡಿ. ಬಿಸಿ ತಣ್ಣಗೆ ಬೆರೆಸುವ ನಲ್ಲಿಯ ಎರಡು ಬಾಯಿಯೂ ತೆರೆದಿದ್ದರೆ ತಣ್ಣೀರು ಬಿಸಿಯ ಕೊಳವೆಗೆ ನುಗ್ಗುತ್ತಿರುತ್ತದೆ. ನೀರು ಬಿಸಿಯಾಗಿದ್ದೂ ದಾರದಂತೆ ಸಣ್ಣಗೆ ಬಂದರೆ ಕೊಳವೆಯಲ್ಲಿ ಸುಣ್ಣ ಕಟ್ಟಿದೆ. ನೀರೇ ಬಾರದಿದ್ದರೆ ಮೇಲಿನ ತಣ್ಣೀರ ಟ್ಯಾಂಕಿನಲ್ಲಿ ನೀರಿದೆಯೇ, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು.

ಗೀಸರು: ಸವೆಯುವ ಕಂಬಿ, ಮುಚ್ಚಬಾರದ ವಾಲ್ವ್

25 ಲೀಟರಿನ ಗೀಸರು 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಕರೆಂಟು ಹಿಡಿಯುತ್ತದೆ; 2 ಕಿಲೋವಾಟಿನದಾದರೆ ಸುಮಾರು 35 ನಿಮಿಷ. ಮೊದಲು ಅರ್ಧ ಗಂಟೆಗೆ ಕಾಯುತ್ತಿದ್ದುದು ಈಗ ಒಂದು ಗಂಟೆ ಹಿಡಿದರೆ, ಅಥವಾ ಒಳಗೆ ಕಲ್ಲು ಹುರಿದಂತೆ ಸದ್ದು ಬಂದರೆ, ಕಾಯುವ ಸುರುಳಿಗೆ ಸುಣ್ಣ ಕಟ್ಟಿದೆ ಎಂದು ತಿಳಿಯಿರಿ. ಬಿಸಿಯ ಮಟ್ಟವನ್ನು 60 ಡಿಗ್ರಿ ದಾಟಿಸದಿದ್ದರೆ ಸುಣ್ಣ ಕಟ್ಟುವುದು ಕಡಿಮೆ.

ಅನೇಕ ಗೀಸರುಗಳೊಳಗೆ ಮೆಗ್ನೀಸಿಯಂ ಕಂಬಿಯೊಂದು ಇರುತ್ತದೆ. ಅಂಗಡಿಯಲ್ಲಿ ಆನೋಡ್ ರಾಡ್ ಎಂದು ಕೇಳಬೇಕು. ಗೆದ್ದಲು ಬೇಲಿಯ ಗೂಟವನ್ನು ತಿನ್ನುತ್ತಿರುವಷ್ಟು ದಿನ ಮನೆಯ ತೊಲೆ ಉಳಿದಂತೆ, ಈ ಕಂಬಿ ತಾನು ಸವೆದು ಟ್ಯಾಂಕಿನ ಉಕ್ಕನ್ನು ತುಕ್ಕಿನಿಂದ ಕಾಯುತ್ತದೆ. ಅರ್ಧಕ್ಕಿಂತ ಹೆಚ್ಚು ಸವೆದರೆ ಬದಲಿಸಬೇಕು. ಅಮೆರಿಕದಲ್ಲಿ ಮನೆಯನ್ನೇ ಮೋಟಾರು ಗಾಡಿಯ ಮೇಲೆ ಕಟ್ಟಿಕೊಂಡು ಊರೂರು ತಿರುಗುವವರಿದ್ದಾರೆ. ಆ ಗಾಡಿಯ ಹೀಟರು ನಮ್ಮ ಗೀಸರಿನಷ್ಟೇ ಚಿಕ್ಕದು, 6 ಇಲ್ಲವೆ 10 ಗ್ಯಾಲನ್ನಿನದು. ಊರಿಗೊಂದು ಬಗೆಯ ನೀರು ಅದರ ಹೊಟ್ಟೆಗೆ ಬೀಳುತ್ತದೆ. ಉಕ್ಕಿನ ಟ್ಯಾಂಕಿದ್ದವರು ವರ್ಷಕ್ಕೊಮ್ಮೆ ಈ ಕಂಬಿಯನ್ನು ಬಿಚ್ಚಿ ನೋಡಿ, ಗಸಿಯನ್ನು ಹರಿಯಬಿಟ್ಟು, ತುಂಬಿದ ಮೇಲೆಯೇ ಉರಿ ಹಚ್ಚಬೇಕೆಂಬುದು ಅಲ್ಲಿನ ಪಾಠ. ದೇಶ ಬೇರೆಯಾದರೂ ಹಂಡೆಯ ಧರ್ಮ ಒಂದೇ.

ಗೀಸರಿನ ಸೇಫ್ಟಿ ವಾಲ್ವಿನಿಂದ ಕಾಯುವಾಗ ನಾಲ್ಕು ಹನಿ ಬಿದ್ದರೆ ಅದು ರೋಗವಲ್ಲ. ಅದನ್ನು ಬೆಣೆ ಹೊಡೆದು ನಿಲ್ಲಿಸತಕ್ಕದ್ದಲ್ಲ. ಒಂದು ಲೀಟರು ನೀರು ಆವಿಯಾದರೆ 1600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಬಿಸಿ ಅಳೆಯುವ ಥರ್ಮೋಸ್ಟಾಟ್ ಕೆಟ್ಟು, ವಾಲ್ವ್ ಸುಣ್ಣದಿಂದ ಮುಚ್ಚಿದ್ದರೆ ಗೀಸರು ಬಾಂಬಿನಂತೆ ಸಿಡಿಯುತ್ತದೆ. ವಾಲ್ವಿಗೆ ಎತ್ತುವ ಹಿಡಿ ಇದ್ದರೆ, ಮೂರು ತಿಂಗಳಿಗೊಮ್ಮೆ ನೀರು ತಣ್ಣಗಿರುವಾಗ ಎತ್ತಿ ನೀರು ಚಿಮ್ಮುವುದನ್ನು ನೋಡಿರಿ.

ಅರ್ಥಿಂಗ್ ಇಲ್ಲದ ಮನೆಯಲ್ಲಿ ಗೀಸರು ಬೇಡ. 2 ಕಿಲೋವಾಟಿನ ಗೀಸರು ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನ ಮೂರು ಕಡ್ಡಿಯ ಪ್ಲಗ್ಗೇ ಆಗಬೇಕು. ಕರೆಂಟು ಸೋರಿದೊಡನೆ ತಾನೇ ಬೀಳುವ 30 ಮಿಲಿಆಂಪಿಯರಿನ ಸ್ವಿಚ್ಚನ್ನು ಮನೆಗೆ ಹಾಕಿಸಿದರೆ ಪ್ರಾಣಕ್ಕೆ ಕಾವಲಿಟ್ಟಂತೆ. ಬಕೆಟ್ಟಿಗೆ ಕಾಯಿಲ್ ಇಳಿಬಿಡುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟತಕ್ಕದ್ದು. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಸದ್ದಿಲ್ಲದ ಮೃತ್ಯು

ಗ್ಯಾಸಿನ ಹೀಟರಿನ ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಇದನ್ನು ಉರಿಸಿ ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗಾಳಿ ಸಾಲದೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ತಲೆ ಸುತ್ತು. ಆಮೇಲೆ ಕೂಗುವುದಕ್ಕೂ ಶಕ್ತಿ ಇರುವುದಿಲ್ಲ. ಹೀಟರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಬಯಲು ಗಾಳಿಯಲ್ಲಿಡಿ. ಉರಿ ನೀಲಿಯಾಗಿರಬೇಕು, ಹಳದಿಯಾದರೆ ಆರಿಸಿ ದುರಸ್ತಿ ಮಾಡಿಸಿರಿ. ಯಾರಾದರೂ ಬಿದ್ದಿದ್ದರೆ ಬಾಗಿಲು ತೆರೆದು, ಗ್ಯಾಸು ಆರಿಸಿ, ಬಯಲಿಗೆ ಎಳೆದು ತಂದು 108ಕ್ಕೆ ಫೋನು ಮಾಡಿರಿ. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗುವವರಿಗೂ ಇದೇ ಅಪಾಯ.

ಹಳೆಯ ಹಂಡೆಯಿದ್ದವರು

ಸೌದೆಯ ಹಂಡೆಯನ್ನು ಇನ್ನೂ ಇಟ್ಟುಕೊಂಡವರು ದಡ್ಡರೇನಲ್ಲ. ಹಿಪ್ಪುನೇರಳೆಯ ಕಡ್ಡಿ, ತೆಂಗಿನ ಮಟ್ಟೆ, ನೀಲಗಿರಿಯ ಸುಳಿಸೊಪ್ಪು ಎಲ್ಲವೂ ಅದಕ್ಕೆ ಆಹಾರ. ತಳದ ಮಸಿಯೂ ಒಳಗಿನ ಸುಣ್ಣದಂತೆಯೇ ಶಾಖವನ್ನು ತಡೆಯುವುದರಿಂದ ಹೊರಗೂ ತಿಕ್ಕಬೇಕು. ಬರಿದಾದ ಹಂಡೆಯ ಕೆಳಗೆ ಉರಿ ಹಾಕಿದರೆ ಬೆಸುಗೆ ಬಿಡುತ್ತದೆ. ಹೊಗೆ ಹೊರಹೋಗುವ ಕೊಳವೆ ಅಗತ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ವಿಭಾಗದವರು ಕಡಿಮೆ ಸೌದೆಗೆ ಹೆಚ್ಚು ಕಾವು ಕೊಡುವ ಹೊಗೆಕೊಳವೆಯ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ತಂದರು. ‘ಅಸ್ತ್ರ ಒಲೆ’ ಎಂಬ ಹೆಸರು ನಮ್ಮ ಹಿರಿಯ ವಾಚಕರಿಗೆ ನೆನಪಿರಬಹುದು.

ಸುಣ್ಣ ಬಿಡಿಸುವ ಬಗೆ

ಸುಣ್ಣಕ್ಕೆ ಹುಳಿಯೇ ಮದ್ದು. ಒಂದು ಲೀಟರು ನೀರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ, ಬಿಚ್ಚಿದ ಸುರುಳಿಯನ್ನೋ ನಲ್ಲಿಯ ಬಿಡಿಭಾಗವನ್ನೋ ಎರಡು ಗಂಟೆ ನೆನೆಹಾಕಿದರೆ ಬುರುಬುರು ನೊರೆಯೆದ್ದು ಪದರ ಸಡಿಲವಾಗುತ್ತದೆ. ತಂತಿ ಕೂಡಿಸುವ ಕೊನೆಗಳು ಮಾತ್ರ ನೆನೆಯಬಾರದು. ಸುತ್ತಿಗೆಯಿಂದ ಬಡಿಯಬೇಡಿ. ಕಕ್ಕಸು ತೊಳೆಯುವ ಆಸಿಡ್ ಸುರಿಯುವುದು ಕೂಡದು. ಅದು ಸುಣ್ಣದೊಡನೆ ಲೋಹವನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ವಿಷವಾಯುವನ್ನೇ ಕಾರುತ್ತದೆ. ಕರೆಂಟಿನ ಭಾಗವನ್ನು ಬಿಚ್ಚುವುದು ತಿಳಿದವರ ಕೆಲಸ. ನಾವು ಕೈ ಹಾಕಬಾರದು.

ಇದಕ್ಕಿಂತ ಮೇಲಾದ ಉಪಾಯವೆಂದರೆ ಸುಣ್ಣವಿಲ್ಲದ ನೀರನ್ನೇ ಕೊಡುವುದು. ತಮಿಳುನಾಡು ಸರಕಾರವು 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಸಾವಿರ ಚದರಡಿ ಮಾಳಿಗೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 2300 ಲೀಟರು ನೀರು. ಸೋರಿಹೋದುದನ್ನು ಕಳೆದರೂ ಒಂದು ಸಣ್ಣ ಸಂಸಾರದ ಎರಡು ವಾರದ ಸ್ನಾನಕ್ಕೆ ಸಾಕು. ಈ ಮೆದು ನೀರಿಗೆ ಬೇರೆ ತೊಟ್ಟಿ ಕಟ್ಟಿ, ಶೋಧಿಸಿ, ಹೀಟರಿಗೆ ಕೊಟ್ಟರೆ ಅದರ ಆಯುಸ್ಸು ಹೆಚ್ಚುತ್ತದೆ.

ಹಸು ಸಾಕಿದವರಿಗೆ ಇದರಿಂದ ಇಮ್ಮಡಿ ಲಾಭ. ಹಾಲಿನ ಕ್ಯಾನನ್ನು ಮೊದಲು ತಣ್ಣೀರಿನಲ್ಲಿ ಗಲಬರಿಸಿ, ಆಮೇಲೆ ಬಿಸಿನೀರು ವಾಷಿಂಗ್ ಸೋಡಾಗಳಿಂದ ಉಜ್ಜಿ, ಕೊನೆಗೆ ಕುದಿನೀರಿನಿಂದ ತೊಳೆದು ಬೋರಲು ಹಾಕಬೇಕು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಬೆಂದು ಅಂಟುತ್ತದೆ. ಗಡಸು ನೀರಿನಲ್ಲಿ ಈ ಅಂಟು ಕಲ್ಲಿನಂತಾಗಿ ಕ್ರಿಮಿಗಳಿಗೆ ಮನೆಯಾಗುತ್ತದೆ. ಹಾಲು ಒಡೆಯಿತೆಂದು ಹಸುವನ್ನು ಬೈಯುವ ಮೊದಲು ಹೀಟರನ್ನೂ ಕ್ಯಾನನ್ನೂ ನೋಡುವುದು ನ್ಯಾಯ.

ಹಬ್ಬವನ್ನು ಮೇಲಕ್ಕೆ ಏರಿಸೋಣ

ಹೀಟರಿನೊಡನೆ ಬರುವ ಪುಸ್ತಿಕೆಯಲ್ಲಿ ಈ ಮಾತುಗಳಲ್ಲಿ ಕೆಲವು ಇರುತ್ತವೆ. ಆದರೆ ಗಡಿಯ ಈಚೆ ನಮ್ಮ ಕೈಗೆ ಸಿಗುವುದು ಬಹುಮಟ್ಟಿಗೆ ಇಂಗ್ಲಿಷು, ಹಿಂದಿ ಇಲ್ಲವೆ ತಮಿಳಿನ ಪುಸ್ತಿಕೆ. ಕನ್ನಡವೊಂದನ್ನೇ ಓದಬಲ್ಲ ಹಿರಿಯರು ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಂದ ಒಮ್ಮೆ ಓದಿಸಿಕೊಳ್ಳಿರಿ. ಎಷ್ಟು ವರ್ಷದ ಗ್ಯಾರಂಟಿ, ಯಾವ ತಪ್ಪಿಗೆ ಅದು ರದ್ದು ಎಂಬುದನ್ನು ಕನ್ನಡದಲ್ಲಿ ಗೋಡೆಯ ಮೇಲೆ ಬರೆದಿಡಿರಿ.

ಮುಂದಿನ ದೀಪಾವಳಿಗೆ ಬಚ್ಚಲಿನ ಹಂಡೆಯನ್ನು ತೊಳೆಯುವ ದಿನವೇ ಮಾಳಿಗೆಯ ಹಂಡೆಯನ್ನೂ ತೊಳೆಯಿರಿ. ಮುಂಜಾನೆ ಅಡಿಯ ನಲ್ಲಿ ಬಿಡಿ, ಗಾಳಿಕೊಳವೆ ನೋಡಿ, ಗಾಜು ಒರೆಸಿ, ಸಂಜೆಗೆ ಹೊಸ ನೀರು ತುಂಬಿಸಿರಿ. ಗೀಸರಿದ್ದರೆ ಕಂಬಿಯನ್ನೂ ವಾಲ್ವನ್ನೂ ಅರ್ಥಿಂಗನ್ನೂ ಆಗಲೇ ನೋಡಿಸಿರಿ. ಅರ್ಧ ದಿನದ ಕೆಲಸ, ಒಂದು ಕಡಸಿನ ಬೆಲೆ, ಒಮ್ಮೊಮ್ಮೆ ಒಂದು ಜೀವದ ಬೆಲೆ. ಪಟ್ಟೆ ಬಳಿದು ಒಂದು ಹೂವನ್ನೂ ಮುಡಿಸುವಿರಾದರೆ ನಮ್ಮ ಅಡ್ಡಿಯೇನೂ ಇಲ್ಲ; ಗಾಜಿನ ಮೇಲೆ ಮಾತ್ರ ಸುಣ್ಣ ಬಳಿಯಬೇಡಿ!